ಕಾಂತಿಯ ಹೊಳೆಕಲ್ಲಿನ ಅಂಗಳ

ಹೆಂಚಿನ ಮೇಲೆ ಟಪ್ ಎಂದು ಒಂದು ಹನಿ ಬಿದ್ದದ್ದು ಕೇಳಿದಾಗ ರಾತ್ರಿ ಹನ್ನೊಂದು ದಾಟಿತ್ತು. ಆಮೇಲೆ ಇನ್ನೊಂದು. ಸ್ವಲ್ಪ ಹೊತ್ತಿಗೆ ಮಳೆ ಸುರಿಯತೊಡಗಿತು. ಹನ್ನೆರಡು ದಿನಗಳಿಂದ ನಾನು ಕಾದಿದ್ದ ಮೊದಲ ಮಳೆ. ನನಗೆ ಸಂತೋಷವಾಯಿತು.

ಮರುದಿನ ಸಂಜೆ ಮಹಿಳಾ ಸಮಾಜದ ವಾರ್ಷಿಕ ಚಹಾಕೂಟವಿತ್ತು. ಆರು ವರ್ಷ ಅದು ನಮ್ಮ ಅಂಗಳದಲ್ಲೇ ನಡೆದಿತ್ತು. ನನ್ನ ಯಜಮಾನರು ಬಂಟ್ವಾಳದಲ್ಲಿ ವಕೀಲರು, ನಾನು ಮಂಗಳೂರಿನಲ್ಲಿ ಬಿ.ಎ. ಓದಿದವಳು, ಬೇರೆ ಎಲ್ಲಿ ಎಂದು ಯಾರೂ ಕೇಳಿದ್ದಿಲ್ಲ. ಆ ವರ್ಷ, ೧೯೬೩ರಲ್ಲಿ, ಮಾತ್ರ ಅದು ಪಕ್ಕದ ಮನೆಗೆ ಆಗಷ್ಟೇ ಬಂದಿದ್ದ ಕಾಂತಿಯ ಹೊಸ ತೋಟಕ್ಕೆ ಹೋಯಿತು. ಕಾಂತಿ ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಅವಳ ಗಂಡನಿಗೆ ಬೊಂಬಾಯಿಯಲ್ಲಿ ಹೋಟೆಲು.

ಅವಳ ತೋಟದಲ್ಲಿ ಹುಲ್ಲಿರಲಿಲ್ಲ, ಗುಲಾಬಿಯಿರಲಿಲ್ಲ. ನೇತ್ರಾವತಿಯಿಂದ ಎರಡು ಲಾರಿ ಉರುಟು ಕಲ್ಲು ತರಿಸಿ ಅಂಗಳ ತುಂಬ ಹಾಸಿದ್ದಳು. ನಡೆಯಲು ಕೆಂಪು ಮುರಕಲ್ಲಿನ ಚಪ್ಪಡಿ. ಅಂಚಿಗೆ ಕ್ರೋಟನ್ ಮತ್ತು ಕಣಗಿಲು. ಕೂತವರಿಗೆ ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ಸಿಮೆಂಟಿನ ಬೆಂಚುಗಳನ್ನು ಅರ್ಧ ವೃತ್ತವಾಗಿ ಕಟ್ಟಿಸಿದ್ದಳು.

"ಆರು ತಿಂಗಳು ನಾನು ಬೊಂಬಾಯಿಯಲ್ಲಿ ಅಲ್ವಾ ಅಕ್ಕ? ನೀರು ಹಾಕ್ಲಿಕ್ಕೆ ಇಲ್ಲ, ಸೆಗಣಿ ಸಾರಿಸ್ಲಿಕ್ಕೆ ಇಲ್ಲ. ನೆಂಟರು ಬರುವ ದಿನ ಒಮ್ಮೆ ಗುಡಿಸಿದ್ರೆ ಆಯ್ತು," ಎಂದಿದ್ದಳು.

"ಹೊಳೆಯನ್ನೇ ಮನೆಗೆ ತಂದಿದ್ದಿ ಮಾರಾಯ್ತಿ. ಇನ್ನು ಬಟ್ಟೆ ಒಗೀಲಿಕ್ಕೂ ಇಲ್ಲೇ ಆಗ್ತದೆ," ಎಂದೆ.

ಅವಳು ನನಗಿಂತ ಜೋರಾಗಿ ನಕ್ಕಳು. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ನನ್ನ ಕಾಲೇಜಿನ ನೋಟ್‌ಬುಕ್ಕಿನಲ್ಲೂ ಒಂದು ತೋಟವಿತ್ತು, ಸ್ಕೇಲು ಹಿಡಿದು ಬರೆದದ್ದು. ಆರು ವರ್ಷಗಳಲ್ಲಿ ಅದರ ಒಂದು ಗಿಡವನ್ನೂ ನಾನು ನೆಟ್ಟಿರಲಿಲ್ಲ.

ಬೆಂಚು ಕಟ್ಟಿಸುವ ಮೊದಲು, ಏಪ್ರಿಲಿನಲ್ಲಿ, ಅವಳು ನನ್ನನ್ನು ಕರೆದು ಕೇಳಿದ್ದಳು. "ಅಕ್ಕ, ನೀವು ಇಲ್ಲಿ ಏಳು ಮಳೆಗಾಲ ಕಂಡವರು. ಈ ಮೂಲೆಯಲ್ಲಿ ನೀರು ನಿಲ್ತದಾ?"

ಪ್ರತಿ ವರ್ಷ ಮೊದಲ ಮಳೆಗೆ ಹಿಂದಿನ ಗುಡ್ಡೆಯ ಕೆಂಪು ನೀರು ಅದೇ ಮೂಲೆಗೆ ನುಗ್ಗಿ, ಮೊಣಕಾಲೆತ್ತರ ನಿಲ್ಲುತ್ತಿತ್ತು. ನನ್ನ ಅಡುಗೆಮನೆಯ ಕಿಟಕಿಯಿಂದ ಅದು ಕಾಣುತ್ತದೆ.

"ನಾನು ಕಂಡ ಹಾಗೆ ಇಲ್ಲ," ಎಂದೆ. ಶಬ್ದಗಳನ್ನು ಆರಿಸಿಕೊಂಡೇ ಹೇಳಿದ್ದೆ.

ಕಾಂತಿ ಒಂದು ಕ್ಷಣ ನನ್ನ ಮುಖ ನೋಡಿ, "ಹಾಗಾದ್ರೆ ಧೈರ್ಯ," ಎಂದಳು.

ಆ ಮಳೆಯ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಬೆಳಕು ಹರಿದ ಕೂಡಲೇ ಬೇಲಿಯ ಹತ್ತಿರ ಹೋದೆ. ನಮ್ಮ ಅಂಗಳದ ಸಾರಣೆ ಎದ್ದು ರಾಡಿಯಾಗಿತ್ತು. ಅವಳ ಕಲ್ಲುಗಳು ತೊಳೆದು ಮಿರಮಿರನೆ ಮಿಂಚುತ್ತಿದ್ದವು. ಆ ಮೂಲೆಯಲ್ಲಿ ಒಂದು ಬೊಗಸೆ ನೀರೂ ನಿಂತಿರಲಿಲ್ಲ.

ಸಂಜೆ ಇಪ್ಪತ್ತೆರಡು ಮಂದಿ ಬಂದರು. ಸಮಾಜದ ಅಧ್ಯಕ್ಷೆ ಸರಸಕ್ಕ ಬೆಂಚಿನ ಮೇಲೆ ಆರಾಮವಾಗಿ ಕೂತು ನನ್ನತ್ತ ತಿರುಗಿದರು. "ಶಶಿಪ್ರಭಾ, ಇವತ್ತು ನಿನ್ನಲ್ಲಿ ಆಗಿದ್ರೆ ನಾವು ಒಂದು ಕೈಯಲ್ಲಿ ಸೀರೆ, ಒಂದು ಕೈಯಲ್ಲಿ ಚಹಾ!"

ಎಲ್ಲರೂ ನಕ್ಕರು. ನಾನೂ ನಕ್ಕೆ.

"ಇನ್ನು ಪ್ರತಿ ವರ್ಷ ಇಲ್ಲೇ ಮಾಡುವ," ಎಂದರು ಸರಸಕ್ಕ. ಯಾರೂ ನನ್ನ ಕಡೆ ನೋಡಲಿಲ್ಲ.

ಕಾಂತಿ ತಿಂಡಿಯ ತಟ್ಟೆ ಹಿಡಿದು ಬಂದು ನನ್ನ ಪಕ್ಕದಲ್ಲಿ ಕೂತಳು. ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ಕಲ್ಲು ಹಾಸಿದ ತುಕ್ರಪ್ಪ ಮೊದಲ ದಿನವೇ ಹೇಳಿದ್ದ ಅಕ್ಕ, ಗುಡ್ಡೆಯ ನೀರು ಇಲ್ಲಿಗೇ ಬರುವುದು ಅಂತ. ಅದಕ್ಕೆ ಕಲ್ಲಿನ ಅಡಿಯಲ್ಲಿ ಚರಂಡಿಯ ಹಾಗೆ ಕಣಿ ತೆಗೆಸಿ ನೀರನ್ನು ಕೆಳಗಿನ ತೋಡಿಗೆ ಬಿಟ್ಟದ್ದು," ಎಂದಳು. ಆಮೇಲೆ, "ಇನ್ನೊಂದು ಅಂಬಡೆ ಹಾಕ್ಲಾ?"

ತುಕ್ರಪ್ಪ ಕೆಲಸಕ್ಕೆ ಬಂದದ್ದು ಮಾರ್ಚಿನಲ್ಲಿ. ಅವಳು ನನ್ನನ್ನು ಕೇಳಿದ್ದು ಏಪ್ರಿಲಿನಲ್ಲಿ. ಅವಳ ಮುಖದಲ್ಲಿ ಸಿಟ್ಟು ಉಂಟೇ ಎಂದು ಹುಡುಕಿದೆ. ಇರಲಿಲ್ಲ. ಅಂಬಡೆ ಹಾಕಿಸಿಕೊಂಡೆ, ತಿಂದೆ.

ಮನೆಗೆ ಬಂದಾಗ ಯಜಮಾನರು ಪೇಪರಿನಿಂದ ತಲೆಯೆತ್ತಿದರು. "ಹೇಗಿತ್ತು ನಿನ್ನ ಕಾಂತಿಯ ದರ್ಬಾರು?"

"ಚೆನ್ನಾಗಿತ್ತು."

ಅವರು ಕಾದರು. ನಾನು ಯಾವಾಗಲೂ ಏನಾದರೊಂದು ಕೊಂಕು ಹುಡುಕುವವಳೆಂದು ಅವರಿಗೆ ಗೊತ್ತು. ಅರ್ಧ ಹೇಳಿದರೆ ಅವರು ನನ್ನ ಪಕ್ಷವೇ ವಹಿಸುತ್ತಿದ್ದರು. ಆದರೆ ಇದರಲ್ಲಿ ನನ್ನ ಸುಳ್ಳನ್ನು ಬಿಟ್ಟು ಅರ್ಧ ಹೇಳುವುದಕ್ಕೆ ಬರುತ್ತಿರಲಿಲ್ಲ. ಕಾಂತಿಯೂ ಹೇಳುವುದಿಲ್ಲ, ಹೇಳುವವಳಾಗಿದ್ದರೆ ಅಷ್ಟು ಮಂದಿಯ ಎದುರು ಸ್ವರ ತಗ್ಗಿಸುತ್ತಿರಲಿಲ್ಲ. ಅವಳ ಆ ದೊಡ್ಡತನದ ಮೇಲೂ ನನಗೆ ಹೊಟ್ಟೆ ಉರಿಯಿತು.

"ಸೆಕೆ," ಎಂದು ಹೇಳಿ ಸೀರೆ ಬದಲಾಯಿಸಲು ಒಳಗೆ ಹೋದೆ. ಇದನ್ನು ಅವರಿಗಾಗಲಿ, ಬೇರೆ ಯಾರಿಗಾಗಲಿ ಹೇಳುವುದಿಲ್ಲವೆಂದು ಅಲ್ಲೇ ನಿರ್ಧರಿಸಿದೆ.