ಓಕಳಿಪುರದ ಮಲ್ಲಿಗೆ

ಚಾಮರಾಜಪೇಟೆಯ ನಮ್ಮ ಬೀದಿಗೆ ಕಾವೇರಿ ನೀರು ಬರುವುದು ದಿನ ಬಿಟ್ಟು ದಿನ. ಆದರೂ ಗಿರಿಜಾಂಬಾ ಅವರ ಮನೆ ಮುಂದಿನ ಅಂಗಳ ಒಂದು ದಿನವೂ ಒಣಗಿದ್ದನ್ನು ಯಾರೂ ಕಂಡಿರಲಿಲ್ಲ. ಬೆಳಗಾದರೆ ಸಾಕು, ತುಂಬಿಸಿಟ್ಟ ಟ್ಯಾಂಕಿನ ನಲ್ಲಿಗೆ ಪೈಪ್ ಹಾಕಿ ಅಂಗಳ, ಗೇಟು, ಅಲ್ಲಿಂದ ಮುಂದೆ ಅರ್ಧ ರಸ್ತೆ ತೊಳೆದ ಮೇಲೆಯೇ ಅವರ ರಂಗೋಲಿ. ಬಿಟ್ಟರೆ ಎದುರುಮನೆಯ ಗೋಡೆಯನ್ನೂ ತೊಳೆದಾರು ಎಂದು ನಾವು ನಗುತ್ತಿದ್ದೆವು.

ಅದೇ ಅಂಗಳದ ಮೂಲೆಯಲ್ಲಿ ಒಂದು ದುಂಡುಮಲ್ಲಿಗೆ ಗಿಡ ಸೊರಗಿ ನಿಂತಿತ್ತು. ಗಿರಿಜಾಂಬಾ ಅವರ ತಾಯಿ ಓಕಳಿಪುರದ ವಠಾರದಲ್ಲಿ ಬೆಳೆಸಿದ್ದ ಗಿಡದಿಂದ ತಂದು ನೆಟ್ಟ ಕಡ್ಡಿ ಅದು. ಆ ವಠಾರ ಈಗಿಲ್ಲ, ತಾಯಿಯೂ ಇಲ್ಲ. ಉಳಿದಿರುವುದು ಈ ಗಿಡವೊಂದೇ. ಎರಡು ಬೇಸಿಗೆಯಿಂದ ಅದು ಒಂದು ಮೊಗ್ಗನ್ನೂ ಬಿಟ್ಟಿರಲಿಲ್ಲ. ಅದರ ಪರಿಮಳಕ್ಕೆ ಅವರ ಜೀವ ಹಂಬಲಿಸುತ್ತಿತ್ತು. ಅಂಗಡಿ ಮಲ್ಲಿಗೆಯಲ್ಲಿ ಅಮ್ಮ ಸಿಗುವುದಿಲ್ಲ ಎನ್ನುತ್ತಿದ್ದರು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಪಕ್ಕದ ಮನೆಯ ತುಳಸಮ್ಮ ಬಂದರು. ನಿವೃತ್ತ ಟೀಚರ್ ಅವರು. ನೀರು ಉಳಿಸುವ ವಿಷಯ ಹಿಡಿದು ಮನೆ ಮನೆಗೆ ಹೋಗುತ್ತಿದ್ದರು. ಆಗ ಗಿರಿಜಾಂಬಾ ಉರಿಬಿಸಿಲಲ್ಲಿ ಗಿಡಕ್ಕೆ ಪೈಪ್ ಬಿಟ್ಟಿದ್ದರು. ಪೂಜೆಯ ಹೂವಿನ ಗಿಡ, ಹಾಗಾಗಿ ಪೂಜೆ ಮುಗಿದ ಮೇಲೆಯೇ ನೀರು, ಅದೂ ನಲ್ಲಿಯ ನೀರೇ ಆಗಬೇಕೆಂದು ಅವರ ಹಟ. ಗಟ್ಟಿಯಾದ ಮಣ್ಣಿನ ಮೇಲೆ ನೀರು ಜಾರಿ ಚರಂಡಿ ಸೇರುತ್ತಿತ್ತು.

ಮಣ್ಣು ಸಡಿಲ ಮಾಡಿ, ಬುಡಕ್ಕೆ ತರಗೆಲೆ ಹೊದಿಸಿ, ಅಕ್ಕಿ, ತರಕಾರಿ ತೊಳೆದ ನೀರನ್ನು ಸಂಜೆ ಹಾಕಿ ಎಂದರು ತುಳಸಮ್ಮ. ಗಿರಿಜಾಂಬಾಗೆ ಸಿಟ್ಟು ಬಂತು.

"ಶಿವನಿಗೆ ಏರಿಸೋ ಹೂವಿನ ಗಿಡಕ್ಕೆ ಅಡುಗೆಮನೆ ನೀರು ಹಾಕ್ಲಾ? ಹೂ ಬಿಡದಿದ್ರೂ ಪರವಾಗಿಲ್ಲ ಬಿಡಿ."

ತುಳಸಮ್ಮ ವಾದಕ್ಕಿಳಿಯಲಿಲ್ಲ. ವಠಾರದಲ್ಲಿ ನಲ್ಲಿ ಎಷ್ಟಿತ್ತೆಂದು ಕೇಳಿದರು. ಎಂಟು ಮನೆಗೆ ಒಂದೇ ಅಂದರು ಗಿರಿಜಾಂಬಾ.

"ಮತ್ತೆ ನಿಮ್ಮಮ್ಮ ಮಲ್ಲಿಗೆಗೆ ಯಾವ ನೀರು ಹಾಕ್ತಿದ್ರು?"

ಗಿರಿಜಾಂಬಾ ಅವರ ಕಣ್ಣ ಮುಂದೆ ಹಳೆಯ ವಠಾರ ಬಂತು. ಮುಸ್ಸಂಜೆ, ಸೊಂಟದ ಮೇಲೆ ಪಾತ್ರೆ, ಒದ್ದೆ ಸೆರಗು, ಗಿಡದ ಬುಡಕ್ಕೆ ಬಗ್ಗಿದ ಅಮ್ಮ. ಎಷ್ಟು ವರ್ಷದಿಂದ ಇದನ್ನು ಮರೆತಿದ್ದರೋ.

"ಅಕ್ಕಿ ತೊಳೆದ ನೀರು," ಎಂದರು ಮೆಲ್ಲಗೆ. "ಬೆಳಿಗ್ಗೆ ಪೂಜೆಗೆ ಅದೇ ಗಿಡದ ಹೂ ಕೀಳ್ತಿದ್ರು."

ನಲ್ಲಿ ನಿಲ್ಲಿಸಿದರು.

ಮರುದಿನ ತುಳಸಮ್ಮ, ಅಂಗಳ ತೊಳೆಯುವಷ್ಟು ಹೊತ್ತು ಪೈಪನ್ನು ಬಕೆಟ್ಟಿಗೆ ಬಿಡಿಸಿದರು. ಹನ್ನೊಂದು ಬಕೆಟ್ ತುಂಬಿದವು. ಗಿರಿಜಾಂಬಾ ಅವರ ಮುಖ ನೋಡಬೇಕಿತ್ತು. ಆ ನೀರನ್ನು ಚೆಲ್ಲದೆ ಮನೆಗೆ ಬಳಸಿದರು, ಪೈಪನ್ನು ಸುತ್ತಿ ಅಟ್ಟಕ್ಕೆ ಹಾಕಿದರು. ಈಗ ಮೊದಲು ಪೊರಕೆ, ಆಮೇಲೆ ಒಂದು ಚೊಂಬು ನೀರು ಚಿಮುಕಿಸಿ ರಂಗೋಲಿ. ಮಗ ಚಿದಂಬರನ ಸ್ಕೂಟರಿಗೆ ಅರ್ಧ ಬಕೆಟ್ ಮತ್ತು ಒದ್ದೆ ಬಟ್ಟೆ. ಅವನು ಗೊಣಗಿದ, ಆದರೂ ಗಾಡಿ ಹೊಳೆಯಿತು. ಮಲ್ಲಿಗೆಯ ಬುಡದ ಮಣ್ಣು ಸಡಿಲ ಮಾಡಿ, ತರಗೆಲೆ ಹೊದಿಸಿ, ದಿನಾ ಸಂಜೆ ಅಕ್ಕಿ ತೊಳೆದ ನೀರು ಹಾಕತೊಡಗಿದರು ಗಿರಿಜಾಂಬಾ.

ಯುಗಾದಿ ಕಳೆದು ಕೆಲವು ವಾರಗಳಾದ ಮೇಲೆ ಒಂದು ಸಂಜೆ ಗಿರಿಜಾಂಬಾ ನಮ್ಮನ್ನೆಲ್ಲ ಕರೆದರು. ಗಿಡದಲ್ಲಿ ಮೂರು ಮೊಗ್ಗು. ನಾವು ನೋಡುತ್ತಿದ್ದಂತೆ ಒಂದು ಬಿರಿಯತೊಡಗಿತು. ಅವರು ಬಗ್ಗಿ ಮೂಸಿದರು, ಬಹಳ ಹೊತ್ತು ತಲೆಯೆತ್ತಲಿಲ್ಲ.

"ಅಮ್ಮ ಪಕ್ಕದಲ್ಲೇ ನಿಂತ ಹಾಗಿದೆ," ಎಂದರು.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹಿಂದೆ ಬೀದಿ ನಲ್ಲಿಯಿಂದ ಕೊಡ ಹೊತ್ತು ನೀರು ತಂದ ಹಿರಿಯರೊಬ್ಬರು ನಿಮ್ಮ ಮನೆಯಲ್ಲೂ ಇದ್ದೇ ಇರುತ್ತಾರೆ. ನಾಳೆ ಪೈಪ್ ಎತ್ತಿಕೊಳ್ಳುವ ಮುಂಚೆ ಅವರನ್ನು ನೆನೆಯಿರಿ. ಅಂಗಳ ಗುಡಿಸಿ, ತೊಳೆಯಬೇಡಿ. ಗಾಡಿ ಒರೆಸಿ. ಗಿಡಕ್ಕೆ ಸಂಜೆ, ಬುಡಕ್ಕೆ ಮಾತ್ರ ನೀರು ಹಾಕಿ. ಅಕ್ಕಿ ತೊಳೆದ ನೀರನ್ನು ಸಿಂಕಿಗೆ ಚೆಲ್ಲಬೇಡಿ. ನಿಮ್ಮ ಮನೆ ಬಾಗಿಲಲ್ಲೇ ಅದಕ್ಕಾಗಿ ಒಂದು ಗಿಡ ಕಾದಿದೆ.