ಅಳಿಯದೇವರು ಮುರಿದ ಬೋಲ್ಟು

ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಅಷ್ಟರೊಳಗೆ ವಿವೇಕಾನಂದನಿಗೆ ಮಾವನ ಮನೆಯೆಂದರೆ ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿತ್ತು. ಮಾವ ಕೆಟ್ಟವರೆಂದಲ್ಲ. ಅವರ ಒಳ್ಳೆಯತನವೇ ದೊಡ್ಡ ತ್ರಾಸು.

ಕಲಬುರಗಿಯಿಂದ ಹೊರಟ ಅವನ ಬೈಕು ಕಮಲಾಪುರದ ಆ ಅಂಗಳದಲ್ಲಿ ನಿಂತಿತೋ ಇಲ್ಲವೋ, ಅತ್ತೆ ಲಲಿತಾಬಾಯಿ ಕಾಲಿಗೆ ನೀರು ತರುತ್ತಿದ್ದರು. ಮಾವ ಕಲ್ಯಾಣಪ್ಪ ಫ್ಯಾನಿನ ಕೆಳಗಿನ ಕುರ್ಚಿಯನ್ನು ಹೆಗಲ ಟವೆಲ್ಲಿನಿಂದ ಝಾಡಿಸಿ, "ಬರ್ರಿ ಅಳಿದೇವರ, ಕೂಡ್ರಿ" ಅನ್ನುತ್ತಿದ್ದರು. ಕೂತನೋ, ಮುಗಿಯಿತು. ಉಂಡ ತಾಟು ಎತ್ತಲು ಹೋದರೆ "ಅಯ್ಯ, ಬಿಡ್ರಿ ಬಿಡ್ರಿ!" ಬಾಳೆತೋಟಕ್ಕೆ ನಾನೂ ಬರುತ್ತೇನೆಂದರೆ "ಬಿಸಲು ಭಾಳದರೀ, ನಿಮಗ್ಯಾಕ ತ್ರಾಸು?"

ಅವನು ಬೆಳೆದದ್ದು ನಾಲ್ವರು ಅಣ್ಣತಮ್ಮಂದಿರ ಮನೆಯಲ್ಲಿ. ಅಲ್ಲಿ ಮುಂಜಾನೆಯ ಚಹಾ ಕುದಿಯುವುದೇ ಬೈಗುಳದ ಕಾವಿಗೆ. ಬೈಯುವವರಿಲ್ಲದ ಮನೆ ಅವನಿಗೆ ತಾನು ರಕ್ತ ತಪಾಸಣೆ ಮಾಡುವ ಜೇವರ್ಗಿ ಕಾಲೋನಿಯ ಕ್ಲಿನಿಕ್ಕಿನ ಹಾಗೆ ಕಾಣುತ್ತಿತ್ತು. ಎಲ್ಲ ಸ್ವಚ್ಛ, ಎಲ್ಲರೂ ಮೆಲ್ಲಗೆ ಮಾತಾಡುವವರು, ಯಾವಾಗ ಹೊರಗೆ ಹೋದೇನೋ ಅನ್ನಿಸುವಂಥದ್ದು.

"ನಿಮ್ಮಪ್ಪ ನನಗ ಮನಿ ಮಗಾ ಅಂತ ಯಾವಾಗ ತಿಳಕೋತಾರ?" ಎಂದು ಹೆಂಡತಿ ಪ್ರೀತಿಯನ್ನು ಕೇಳಿದರೆ ಅವಳದು ಒಂದೇ ಉತ್ತರ.

"ಮೂರು ಹೊತ್ತು ಹೋಳಿಗಿ ತುಪ್ಪ ಸಿಗಲಕತ್ತದ, ಸುಮ್ಮ ಕೂತು ತಿನ್ರಿ. ನಿಮ್ಮ ಮನ್ಯಾಗ ನನಗ್ಯಾರು ಕೊಡ್ತಾರ?"

ಹೀಗಿರುವಾಗ ಒಂದು ಶನಿವಾರ ದೇವರೇ ದಾರಿ ತೋರಿಸಿದ ಹಾಗೆ ಮಾವನ ಜೀಪು ಪಂಚರಾಯಿತು. ಆ ಜೀಪಿಗೆ ಪ್ರೀತಿಗಿಂತ ಹೆಚ್ಚು ವಯಸ್ಸು. ತೋಟದ ಕೆಂಪು ಬಾಳೆಗೊನೆಗಳನ್ನು ಕಲಬುರಗಿಗೆ ಹೊತ್ತು ಹೊತ್ತು ಅದರ ಬಣ್ಣವೂ ಹೆಚ್ಚುಕಡಿಮೆ ಹಣ್ಣಿನದೇ ಆಗಿತ್ತು. ಮರುದಿನ ನಸುಕಿಗೇ ಗೊನೆ ಹೇರಬೇಕು, ನೋಡಿದರೆ ಮುಂದಿನ ಎಡಗಾಲಿ ನೆಲಕ್ಕೆ ಕೂತಿದೆ.

"ನಾ ಬಿಚ್ಚತೀನ್ರಿ ಮಾವಾರ!" ಎಂದು ವಿವೇಕಾನಂದ ಕುರ್ಚಿಯಿಂದ ಹಾರಿ ಬಂದು ಮಾವನ ಕೈಯಿಂದ ನಟ್ಟು ಬಿಚ್ಚುವ ಪಾನಾ ಕಸಿದುಕೊಂಡ.

ಕಲ್ಯಾಣಪ್ಪ ಬಾಯಿ ತೆರೆದರು. ಮತ್ತೆ ಮುಚ್ಚಿದರು.

ಮೊದಲ ನಟ್ಟೇ ಅಲ್ಲಾಡಲಿಲ್ಲ. ಅವನು ಬಿಚ್ಚುವ ಕಡೆಗೆ ಜೀವ ಹಾಕಿ ತಿರುವಿದ. ಎಷ್ಟು ತಿರುವಿದರೂ ಅದು ಇನ್ನಷ್ಟು ಹಟ ಹಿಡಿಯಿತು. ತೋಟದ ನೀರಿನ ಪೈಪಿನ ತುಂಡೊಂದನ್ನು ಪಾನಾದ ಹಿಡಿಕೆಗೆ ಸಿಕ್ಕಿಸಿ ಜಗ್ಗಿದ. ಮಾವ ಒಮ್ಮೆ ಕೆಮ್ಮಿದರು. "ಅದು... ಅಳಿದೇವರ..." ಎಂದರು. "ನೀವು ಸುಮ್ಮ ನೋಡ್ರಿ ಮಾವಾರ" ಎಂದು ಅವನು ಪೈಪಿನ ಮೇಲೆ ಹತ್ತಿ ನಿಂತು ಎರಡು ಸಲ ಕುಣಿದ.

ಠಣ್!

ನಟ್ಟು, ಅದರೊಳಗೆ ಅರ್ಧ ಬೋಲ್ಟು, ಎರಡೂ ಉರುಳಿಕೊಂಡು ತುಳಸಿಕಟ್ಟೆಯ ಬುಡಕ್ಕೆ ಹೋದವು. ಉಳಿದರ್ಧ ಗಾಲಿ ಕೂರುವ ಕಬ್ಬಿಣದ ಹಬ್ಬಿನೊಳಗೇ ಸಿಕ್ಕಿಕೊಂಡಿತು.

"ಇರ್ಲಿ ಬಿಡ್ರಿ," ಎಂದರು ಕಲ್ಯಾಣಪ್ಪ. ದನಿಯಲ್ಲಿ ಬೆಣ್ಣೆ, ಹಣೆಯ ಮೇಲೆ ಬೆವರು. "ಹಳೀ ಮಾಲು. ಮುರೀತದ. ನೀವು ಒಳಗ ನಡೀರಿ, ಫ್ಯಾನ್ ಹಚ್ಯಾಳ ನಿಮ್ಮತ್ತಿ."

ಅವನು ಪೆಚ್ಚಾಗಿ ಚಹಾ ಕುಡಿದು ಹೊರಬಂದಾಗ ಉಳಿದ ನಟ್ಟುಗಳೆಲ್ಲ ಬಿಚ್ಚಿ ಸಾಲಾಗಿ ಕಟ್ಟೆಯ ಮೇಲೆ ಕೂತಿದ್ದವು. ಒಂದಕ್ಕೂ ಪೈಪು ಬೇಕಾಗಿರಲಿಲ್ಲ. ಪಂಚರಾದ ಗಾಲಿಯ ಬದಲಿಗೆ ಹಾಕುವ ಸ್ಟೆಪ್ನಿಯೂ ಪಕ್ಕದಲ್ಲಿ ಸಿದ್ಧವಿತ್ತು. ಇದೇನು ಮಾಟವೋ ಎಂದುಕೊಂಡ, ಆದರೆ ಕೇಳುವ ಧೈರ್ಯವಾಗಲಿಲ್ಲ. ಒಂದು ಬೋಲ್ಟು ಕಮ್ಮಿ ಇದ್ದ ಗಾಲಿಯ ಮೇಲೆ ಗೊನೆಯ ಭಾರ ಹಾಕುವುದು ಮಾವನಿಗೆ ಒಪ್ಪಿಗೆ ಇರಲಿಲ್ಲ. ತುಕ್ಕು ಹಿಡಿದು ಕೂತ ಮುರುಕಿಗೆ ಡೀಸೆಲ್ ಸುರುವಿ, "ಅದು ಕುಡ್ಕೋತ ಇರ್ಲಿ, ನಾವು ಮೋಮಿನಪುರಕ್ಕ ಹೋಗಿ ಹೊಸಾದು ತರಮು" ಎಂದರು.

ಕಲಬುರಗಿಯ ಮೋಮಿನಪುರದಲ್ಲಿ ನೋಮಾನನದು ಹಳೆ ಗಾಡಿಗಳ ಸಾಮಾನಿನ ಅಂಗಡಿ. ಕಲ್ಯಾಣಪ್ಪ ಅಲ್ಲಿಯ ಹಳೆಯ ಗಿರಾಕಿ. ನೋಮಾನ್ ಮುರಿದ ತುಂಡನ್ನು ಬೆಳಕಿಗೆ ಹಿಡಿದು ಹೊರಳಿಸಿ ನೋಡಿದ, ಆಮೇಲೆ ಹೊಟ್ಟೆ ಹಿಡಿದು ನಕ್ಕ.

"ಅರೆ ಕಾಕಾ! ಇದು ಎಡಗಡಿ ಗಾಲಿದು. ತಲಿ ಮ್ಯಾಲ 'ಎಲ್' ಅಂತ ಒತ್ಯಾರ ನೋಡ್ರಿ. ಇಂಥಾ ಹಳೀ ಜೀಪಿನಾಗ ಎಡಗಡಿ ಬೋಲ್ಟಿನ ಥ್ರೆಡ್ ಉಲ್ಟಾ ಇರ್ತಾವ. ನಾವು ಬೇರೇದು ಬಿಗಿ ಮಾಡೋ ಕಡಿ ತಿರವಿದ್ರ ಇದು ಬಿಚ್ಚತದ. ಯಾರೋ ಪಹಲವಾನ್ ಬಿಚ್ಚತೀನಂತ ಬಿಗದು ಬಿಗದು ಮುರದಾನ! ಯಾರ್ರೀ ಆ ಶಾಣ್ಯಾ?"

ವಿವೇಕಾನಂದನ ಕಿವಿ ಕೆಂಪಾದವು. ಅವನು ಬಾಯಿ ಬಿಡುವುದರೊಳಗೆ ಪಕ್ಕದಿಂದ ಮಾತು ಬಂತು.

"ನಾನೇ."

"ನೀವಾ?" ನೋಮಾನನ ನಗು ಅರ್ಧಕ್ಕೆ ನಿಂತಿತು. "ತೋಬಾ ತೋಬಾ! ನಾ ಚಡ್ಡಿ ಹಾಕೋ ಕಾಲಕ್ಕ ನಮ್ಮಪ್ಪಗ ಇದನ್ನ ಕಲಿಸಿದವರೇ ನೀವಲ್ರಿ ಕಾಕಾ?"

"ವಯಸ್ಸಾತಪ್ಪ. ಮರ್ತೆ."

ನೋಮಾನ್ ಹೊಸ ಬೋಲ್ಟು ಕಾಗದದಲ್ಲಿ ಸುತ್ತಿ ಕೊಡುತ್ತ, "ಒಳಗಿಂದು ಒಬ್ಬರ ಕೈಲೆ ಬರಂಗಿಲ್ಲ. ಕಡ್ಡಿ ಒಬ್ಬರು ಹಿಡೀರಿ, ಸುತ್ತಿಗಿ ಒಬ್ಬರು ಹೊಡೀರಿ. ಇಬ್ಬರಿಗೂ ಒಬ್ಬರ ಮ್ಯಾಲೊಬ್ಬರಿಗೆ ಭರವಸಾ ಇರಬೇಕು, ಅಷ್ಟೇ" ಎಂದ.

ಮಾವನನ್ನು ಹಿಂದೆ ಕೂರಿಸಿಕೊಂಡ ಬೈಕು ಕಲಬುರಗಿ ದಾಟಿತು. ಆಮೇಲೆ ವಿವೇಕಾನಂದನಿಗೆ ತಡೆಯಲಾಗಲಿಲ್ಲ.

"ಮಾವಾರ, ನಿಮಗ ಗೊತ್ತಿತ್ತಲ್ಲ?"

"ಏನದು?"

"ಉಲ್ಟಾ ಅಂತ."

ಮಾವ ಗಾಳಿಗೆ ಹಾರುತ್ತಿದ್ದ ಹೆಗಲ ಟವೆಲ್ಲನ್ನು ಬಿಗಿಯಾಗಿ ಹಿಡಿದುಕೊಂಡರು.

"ಗೊತ್ತಿತ್ರಿ."

"ಮತ್ತ ಹೇಳಬಾರದ?"

"ಅಳಿಯಂದ್ರಿಗೆ ನಿಮ್ಮದು ತಪ್ಪದ ಅಂತ ಹ್ಯಾಂಗ ಹೇಳೋದ್ರಿ?" ಕಲ್ಯಾಣಪ್ಪನವರ ದನಿಯಲ್ಲಿ ನಿಜವಾದ ಸಂಕಟವಿತ್ತು. "ಕೆಮ್ಮಿದೆ ನೋಡ್ರಿ ಒಮ್ಮೆ."

ಹಂಗಾದರೆ ಬೋಲ್ಟು ಮುರಿದದ್ದು ನನ್ನ ಕೈಯಿಂದಲ್ಲ, ಇವರ ಮರ್ಯಾದೆಯಿಂದ, ಅಂದುಕೊಂಡ ವಿವೇಕಾನಂದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮುಂಜಾನೆ ಮುರಿದದ್ದನ್ನು ಸಂಜೆಯೊಳಗೆ ತಾನೇ ಕೈಹಚ್ಚಿ ಸರಿಮಾಡದಿದ್ದರೆ ಜನ್ಮವಿಡೀ ಆ ಕುರ್ಚಿಯೇ ತನಗೆ ಗತಿ ಎಂಬುದು ಮಾತ್ರ ಖಾತ್ರಿಯಾಯಿತು.

ಜೀಪಿನಿಂದ ಹಬ್ಬು ಕಳಚಿ ತಂದು ಅಂಗಳದಲ್ಲಿ ಎರಡು ಕಲ್ಲುಗಳ ನಡುವೆ ಕೂರಿಸಿದರು. ಕಲ್ಯಾಣಪ್ಪ ಗಿಡ್ಡ ಕಬ್ಬಿಣದ ಕಡ್ಡಿಯನ್ನು ಮುರುಕಿನ ಮೇಲೆ ನೆಟ್ಟಗೆ ಹಿಡಿದರು. ವಿವೇಕಾನಂದ ಸುತ್ತಿಗೆ ಎತ್ತಿದ. ಬಾಗಿಲಲ್ಲಿ ಲಲಿತಾಬಾಯಿ, ಹೊರಸಿನ ಮೇಲೆ ಚುರುಮುರಿ ತಿನ್ನುತ್ತ ಪ್ರೀತಿ.

"ಹೊಡೀರಿ ಅಳಿದೇವರ."

ಅವನು ಕೂಸಿನ ಬೆನ್ನು ತಟ್ಟಿದ ಹಾಗೆ ತಟ್ಟಿದ.

"ಇನ್ನ ಸ್ವಲ್ಪ ಜೋರು ಹೊಡದ್ರ ನಡೀತದ್ರಿ."

ಮತ್ತೊಂದು ತಟ್ಟು.

"ಅಂದ್ರ... ನಿಮಗೇನ ಅಡಚಣಿ ಇಲ್ಲಂದ್ರ... ಇನ್ನೊಂದೀಟು..."

"ಅಪ್ಪಾ, ಅವರು ಸೂಜಿ ಚುಚ್ಚೋ ಮಂದಿ. ಹತ್ತಿ ಒತ್ತಿ ಹಿಡೀರಿ ಅಂತ ಹೇಳತಾರ ನೋಡಿನ್ನ!" ಎಂದಳು ಪ್ರೀತಿ.

ಆ ಮಾತಿಗೆ ರೋಷ ಬಂತು. ವಿವೇಕಾನಂದ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಸುತ್ತಿಗೆಯನ್ನು ತಲೆಯ ಮೇಲಿಂದ ಬೀಸಿ ಹೊಡೆದ.

ಕಡ್ಡಿಗೆ ತಾಗಲಿಲ್ಲ. ಮಾವನ ಹೆಬ್ಬೆರಳಿಗೆ ತಾಗಿತು.

ಪ್ರೀತಿಯ ಬಾಯಲ್ಲಿ ಚುರುಮುರಿ ಹಾಗೇ ನಿಂತಿತು. ಕಲ್ಯಾಣಪ್ಪನವರ ಮುಖ ತಮ್ಮ ತೋಟದ ಬಾಳೆಹಣ್ಣಿನಷ್ಟು ಕೆಂಪಾಗಿ, ಕೆನ್ನೆ ಉಬ್ಬಿ, ಕೊನೆಗೆ ಕಟ್ಟೆ ಒಡೆಯಿತು.

"ಏ ಹುಚ್ಚಪ್ಯಾಲಿ! ಕಣ್ಣು ಎಲ್ಲಿ ಇಟ್ಟೀಯೋ? ಕಣ್ಣು ಮುಚ್ಚಿ ಸುತ್ತಿಗಿ ಹೊಡೀತಾರೇನೋ ಯಾರರ? ಮುಂಜಾನಿಂದ ನೋಡ್ಲಕತ್ತೀನಿ, ಉಲ್ಟಾ ತಿರವ್ಯಾನ, ಪೈಪ್ ಹಾಕ್ಯಾನ, ಮ್ಯಾಲ ಹತ್ತಿ ಕುಣದಾನ! ನನ್ನ ಜೀಪೇನು ಬಯಲಾಟದ ಅಟ್ಟನಾ? ದೀಪಾವಳಿಗೆ ಬಂದಾಗ ಬಾಳಿಸಸಿ ಮ್ಯಾಲ ಬೈಕ್ ನಿಂದ್ರಿಸಿದಿ, ಆವತ್ತೂ ಇರ್ಲಿ ಬಿಡ್ರಿ ಅಂದೆ! ಇರ್ಲಿ ಬಿಡ್ರಿ, ಇರ್ಲಿ ಬಿಡ್ರಿ ಅಂದು ಅಂದು ನನ್ನ ಹೊಟ್ಟಿ ಉಬ್ಬರಿಸ್ಯಾದೋ!"

"ರೀ!" ಲಲಿತಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಅಳಿಯಾರಿಗೆ..."

"ಎಂಥಾ ಅಳಿಯಾ! ತಾ ಇಲ್ಲಿ ಸುತ್ತಿಗಿ! ನೀ ಕಡ್ಡಿ ಹಿಡಿ. ಗಟ್ಟಿ ಹಿಡಿ. ಕಣ್ಣು ತಗದಿರು!"

ವಿವೇಕಾನಂದ ಕೂತು ಕಡ್ಡಿ ಹಿಡಿದ. ಅವನ ಮುಖದಲ್ಲಿದ್ದ ನಗು ನೋಡಿ ಪ್ರೀತಿಗೆ ಇವನಿಗೇನು ಬಿಸಿಲು ತಲೆಗೇರಿತೋ ಅನ್ನಿಸಿತು. ಮಾವ ಬಾತ ಹೆಬ್ಬೆರಳನ್ನು ಆಚೆ ಚಾಚಿಕೊಂಡೇ ಸುತ್ತಿಗೆ ಎತ್ತಿದರು. ಅದು ಕಿವಿಯ ಪಕ್ಕ ಭರ್ ಎಂದು ಇಳಿಯಿತು. ಅವನು ಕಣ್ಣು ಮುಚ್ಚಲಿಲ್ಲ. ಇನ್ನೊಂದು ಏಟು. ಮಗದೊಂದು. ಕಡ್ಡಿ ಕೈಯೊಳಗೆ ಸರ್ರನೆ ಜಾರಿತು. ಮುರಿದ ಬೋಲ್ಟು ಕೆಳಗಿನ ಮಣ್ಣಿನಲ್ಲಿ ಧಪ್ ಎಂದು ಬಿತ್ತು.

"ಬಂತ ಬಂತ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು.

ಆಗ ಕಲ್ಯಾಣಪ್ಪನವರಿಗೆ ತಾವು ಆಡಿದ್ದೆಲ್ಲ ನೆನಪಾಯಿತು. ಸುತ್ತಿಗೆ ಮೆಲ್ಲಗೆ ಕೆಳಗಿಟ್ಟರು. "ಅದು... ಬಾಯಿಗೆ ಬಂದಂಗ ಅಂದಬಿಟ್ಟೆ... ಮನಸಿಗೆ ಹಚ್ಕೋಬ್ಯಾಡ್ರಿ..."

"ಮಾವಾರ," ಎಂದ ವಿವೇಕಾನಂದ, "ಹೊಸಾ ಬೋಲ್ಟು ಎಲ್ಲಿ ಇಟ್ರಿ? ಜಲ್ದಿ ತರ್ರಿ, ಕತ್ತಲಾಗತದ. ಬೈಯೋದು ಇನ್ನೂ ಉಳದಿದ್ರ ಬೈಕೋತ ಬಿಗಿ ಮಾಡಮು."

ಮಾವ ಅವನ ಮುಖ ನೋಡಿದರು. ಮೀಸೆಯ ಕೆಳಗೆ ಏನೋ ಅಲ್ಲಾಡಿತು. "ಯಾ ಕಡಿ ತಿರವತಿ?"

"ಉಲ್ಟಾ."

"ಹಾಂ. ಬುದ್ಧಿ ಬಂತು."

ಆ ರಾತ್ರಿ ತಾಟಿನಲ್ಲಿ ಹೋಳಿಗೆ ಇರಲಿಲ್ಲ. ಪುಂಡಿಪಲ್ಯ, ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ. ಅರಿಶಿಣ ಸುಣ್ಣ ಮೆತ್ತಿದ ಹೆಬ್ಬೆರಳಿಂದ ರೊಟ್ಟಿ ಮುರಿಯಲಾಗದೆ ಕಲ್ಯಾಣಪ್ಪ ತಾಟನ್ನು ಅಳಿಯನ ಕಡೆ ತಳ್ಳಿದರು. ಅವನು ಮುರಿದು ಕೊಟ್ಟ.

ಮರುದಿನ ಕೋಳಿ ಕೂಗುವ ಮುಂಚೆ ಮಾವ ಬಾಗಿಲನ್ನು ದಡದಡ ಬಡಿದರು.

"ಏ, ಏಳೋ! ಗೊನಿ ಹೇರೋರು ಯಾರು, ನಿಮ್ಮಪ್ಪನಾ?"

ಚಾದರದೊಳಗಿಂದ ಪ್ರೀತಿ ಗೊಣಗಿದಳು. "ಈಗ ಸಮಾಧಾನ ಆತಿಲ್ಲ ನಿಮ್ಮ ಜೀವಕ್ಕ?"

ಅವನು ಆಗಲೇ ಕತ್ತಲಲ್ಲಿ ಚಪ್ಪಲಿ ಹುಡುಕುತ್ತಿದ್ದ.