ಮಗ್ಗುಲು ಬದಲಿಸುವ ಪಟ್ಟಿ

ಒರುರೊ ಊರಿನ ಸರ್ಕಾರಿ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಮೂವತ್ನಾಲ್ಕು ಹಾಸಿಗೆ, ಒಬ್ಬಳೇ ನರ್ಸು, ಡೆಲ್ಮಿರಾ. ಮಲಗಿದಲ್ಲೇ ಬೆನ್ನು ಹುಣ್ಣಾಗದಂತೆ, ಏಳಲಾಗದವರ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸಿ ಪಟ್ಟಿಯಲ್ಲಿ ಸಹಿ ಹಾಕಬೇಕೆಂದು ನಿಯಮ. ಅದನ್ನು ಬರೆದ ಮಹಾನುಭಾವರು ಹೆಣಭಾರದ ಒಂದು ಮೈಯನ್ನೂ ಹೊರಳಿಸಿದವರಲ್ಲ. ಮಿಕ್ಕ ವಾರ್ಡುಗಳ ನರ್ಸುಗಳು ಬೆಳಿಗ್ಗೆಯೇ ಇಡೀ ದಿನದ ಸಹಿ ಗೀಚಿ ಕೈತೊಳೆದುಕೊಳ್ಳುತ್ತಿದ್ದರು. ಡೆಲ್ಮಿರಾ ಮಾತ್ರ ಮಾಡದ ಕೆಲಸಕ್ಕೆ ಸಹಿ ಹಾಕುವವಳಲ್ಲ. ಪಟ್ಟಿಯ ಖಾಲಿ ಜಾಗ ನೋಡಿಯಾದರೂ ತಪಾಸಣೆಯವರು ಇನ್ನೊಬ್ಬ ನರ್ಸನ್ನು ಕೊಟ್ಟಾರೆಂಬ ಆಸೆ ಅವಳಿಗೆ. ಹುಚ್ಚು ಆಸೆ.

ತಪಾಸಣೆಯ ದಿನ ಮೇಟ್ರನ್ ನೊರ್ಕಾ ಹಲ್ಲು ಕಡಿದಳು. "ಲೇ, ಗೀಚಿ ಬಿಸಾಕೇ! ಸತ್ಯವಂತೆ ಆಗಿ ಸ್ವರ್ಗಕ್ಕೆ ಹೋಗ್ಬೇಕಾ ನಿಂಗೆ?"

"ಎಲ್ಲಾ ಮಾಡಿದೀವಿ ಅಂತ ಬರೆದ್ರೆ ಇನ್ನೊಬ್ಬರನ್ನ ಯಾರು ಕೊಡ್ತಾರೆ, ಮೇಡಂ?"

ತಪಾಸಣೆಗೆ ಬಂದ ಡಾಕ್ಟರ್ ಉರ್ಕಿಡಿ ಒಂಬತ್ತನೇ ಹಾಸಿಗೆಯ ಅರ್ಧ ಖಾಲಿ ಪಟ್ಟಿ ನೋಡಿ ಹುಬ್ಬೇರಿಸಿದರು. ಅಲ್ಲಿದ್ದವಳು ಬಾಸಿಲಿಯಾ, ಸಂತೆಯಲ್ಲಿ ಆಲೂಗಡ್ಡೆ ಮಾರುತ್ತಿದ್ದ, ಲಕ್ವ ಹೊಡೆದ ಮುದುಕಿ.

"ಅಜ್ಜಿ, ನಿಮ್ಮನ್ನ ಹೊತ್ತುಹೊತ್ತಿಗೆ ಹೊರಳಿಸ್ತಾರಾ?"

ಈ ಕೋಟಿನವರು ತನ್ನನ್ನು ನೋಡಿಕೊಳ್ಳುವ ಹುಡುಗಿಯ ಕೆಲಸ ಕೀಳಲು ಬಂದಿದ್ದಾರೆಂದು ಮುದುಕಿಗೆ ಭಯ. "ಎರಡೆರಡು ಗಂಟೆಗೂ, ಸ್ವಾಮಿ! ಬಂಗಾರದಂಥ ಹುಡುಗಿ. ಒಂದು ಹೊತ್ತೂ ತಪ್ಪಿಸಿಲ್ಲ."

"ಹಾಗಾದ್ರೆ ಇರೋ ನರ್ಸೇ ಸಾಕು," ಎಂದರು ಡಾಕ್ಟರ್. "ಬರೆಯೋಕೆ ಸೋಮಾರಿತನ, ಅಷ್ಟೆ."

ಡೆಲ್ಮಿರಾ ಮುದುಕಿಯನ್ನು ಮೆಲ್ಲಗೆ ಹೊರಳಿಸಿ ಬಟ್ಟೆ ಸರಿಸಿದಳು. ಬೆನ್ನಿನ ಕೆಳಗೆ ಅಂಗೈಯಗಲದ ಹುಣ್ಣು, ಅದರ ಆಳದಲ್ಲಿ ಬೆಳ್ಳಗೆ ಮೂಳೆ. ಎಲ್ಲರೂ ಮೂಗು ಮುಚ್ಚಿಕೊಂಡರು.

"ನೋಡಿ ಸಾರ್. ಮೂವತ್ನಾಲ್ಕು ಜನಕ್ಕೆ ನಾನೊಬ್ಬಳೇ."

"ಬೇರೆ ವಾರ್ಡಲ್ಲೂ ಒಬ್ಬೊಬ್ಬರೇ. ಅಲ್ಲಿ ಪಟ್ಟಿ ತುಂಬಿದೆ. ಇಲ್ಲಿ ಮೂಳೆ ಕಾಣೋ ಹುಣ್ಣು, ಅದರ ಮೇಲೆ ಮುದುಕಿ ಬಾಯಲ್ಲಿ ಸುಳ್ಳು. ಎಷ್ಟು ಹೆದರಿಸಿದೀಯಮ್ಮ ಇವಳನ್ನ?"

"ಅಯ್ಯೋ ಇಲ್ಲ, ನಾನೇ ಹೇಳಿದ್ದು..." ಎಂದು ಬಾಸಿಲಿಯಾ ಗೋಳೋ ಎಂದು ಅತ್ತಳು. ಆ ಅಳುವೇ ಸಾಕ್ಷಿಯಾಯಿತು. ಡೆಲ್ಮಿರಾಳನ್ನು ನಿಂತ ನಿಲುವಿನಲ್ಲೇ ಅಮಾನತು ಮಾಡಿದರು. ಬದಲಿ ನರ್ಸು ಸೋಮವಾರ ಬರುತ್ತಾಳೆ, ಅಲ್ಲಿಯವರೆಗೆ ಪಕ್ಕದ ವಾರ್ಡಿನವಳೇ ಎರಡನ್ನೂ ನೋಡಿಕೊಳ್ಳಲಿ ಎಂದರು. ಅಂದು ಇನ್ನೂ ಗುರುವಾರ.

ತಪಾಸಣೆಯ ಗುಂಪು ಮುಂದಿನ ವಾರ್ಡಿಗೆ ಹೋಯಿತು. ಗಡಿಬಿಡಿಯಲ್ಲಿ ಮುದುಕಿ ಹುಣ್ಣಿನ ಮೇಲೆಯೇ ಅಂಗಾತ ಬಿದ್ದಿದ್ದಳು.

"ಉರೀತಿದೆ ಕಣೇ ಮಗಳೇ, ಒಂಚೂರು ಹೊರಳಿಸು."

ಡೆಲ್ಮಿರಾ ಕೈ ಚಾಚಿದಳು. ನೊರ್ಕಾ ಆ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಮುಟ್ಬೇಡ. ನೀನೀಗ ಡ್ಯೂಟಿಲಿಲ್ಲ."

ಡೆಲ್ಮಿರಾ ಗೇಟು ದಾಟುವವರೆಗೂ ಮುದುಕಿ ಕೂಗುತ್ತಲೇ ಇದ್ದಳು.